ಇರಲಿ ರಾಯರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಎದ್ದುನಿಂತಿರುವ ಗಾಜಿನ ಸೌಧಗಳ ಪೈಕಿ ಯಾವುದನ್ನು ಹೊಕ್ಕರೂ, ಡೇಟಾ ವಿಭಾಗದ ಕಿಟಕಿಯ ಬದಿಯಲ್ಲಿ ಇರಲಿ ರಾಯರು ಆಸೀನರಾಗಿರುವುದನ್ನು ಕಾಣಬಹುದು. ತಂದೆತಾಯಿಗಳು ಇಟ್ಟ ಹೆಸರು ಬೇರೆ. ಇದು ಕಿರಿಯರು ಬೆನ್ನ ಹಿಂದೆ ದಯಪಾಲಿಸಿದ ಬಿರುದು.

ಮನೆಯಲ್ಲಿ ರಾಯರು ಮಿತವ್ಯಯದ ಮೂರ್ತಿ. ಬೆಸ್ಕಾಂ ಬಿಲ್ಲನ್ನು ಹಿಂದಿನ ತಿಂಗಳಿನದರೊಡನೆ ತಾಳೆನೋಡಿ, ಮಗಳು ಸ್ನಾನಕ್ಕಿಳಿಯುವ ಮುನ್ನವೇ ಗೀಸರನ್ನು ಆರಿಸಿ, "ಇರೋ ಬಿಸಿನೇ ಸಾಕು ಕಣೆ" ಎನ್ನುವವರು. ಅಂತಹವರು ಕಛೇರಿಯ ಹೊಸ್ತಿಲನ್ನು ದಾಟಿದೊಡನೆ ದಾನಶೂರರಾಗಿಬಿಡುತ್ತಾರೆ. ದತ್ತಾಂಶವನ್ನು ಅರೆಯುವ ಎರಡು ಗಂಟೆಯ ಸ್ಪಾರ್ಕ್ ಜಾಬಿಗೆಂದು 40 ಬಾಡಿಗೆ ಯಂತ್ರಗಳ ಕ್ಲಸ್ಟರನ್ನು ಎಬ್ಬಿಸುತ್ತಾರೆ. ಜಾಬು ಮುಗಿದು, ಫಲಿತಾಂಶವು ಎಸ್‌ತ್ರೀ ಎಂಬ ಉಗ್ರಾಣವನ್ನು ಸೇರಿ, ಕೆಲಸ ಹಂಚುವ ಯಾರ್ನ್‌ನ ಪಟ್ಟಿಯು ಬರಿದಾದ ಮೇಲೂ ಆ ಯಂತ್ರಗಳು, ಸಮಾರಾಧನೆ ಮುಗಿದರೂ ಪಂಕ್ತಿಯಿಂದ ಏಳದ ಅತಿಥಿಗಳಂತೆ, ಬಾಡಿಗೆಯನ್ನು ಭುಂಜಿಸುತ್ತ ಕುಳಿತೇ ಇರುತ್ತವೆ.

ಶುಕ್ರವಾರ ಸಂಜೆ ಹೊಸದಾಗಿ ಸೇರಿದ ಹುಡುಗಿ ವಿನಯದಿಂದ ಕೇಳುತ್ತಾಳೆ:

"ಸಾರ್, ಕ್ಲಸ್ಟರ್ ಟರ್ಮಿನೇಟ್ ಮಾಡ್ಲಾ?"

"ಇರ್ಲಿ ಬಿಡಮ್ಮ. ಸೋಮವಾರ ಬೇಕಾದ್ರೆ?"

"ಮತ್ತೆ ಎಬ್ಸೋಕೆ ಹತ್ತು ನಿಮಿಷ ಸಾರ್, ಅಷ್ಟೇ."

"ಆ ಹತ್ತು ನಿಮಿಷ ಯಾರು ಕಾಯ್ತಾರೆ?"

ಇದೇ ರಾಯರು ಸೋಮವಾರ ಬೆಳಿಗ್ಗೆ ಕಾಫಿಯ ಯಂತ್ರದ ಮುಂದೆ ಅರ್ಧ ಗಂಟೆ ನಿಂತು ರಾಜಕೀಯವನ್ನು ಚರ್ಚಿಸುವುದನ್ನು ಆಕೆ ಕಂಡಿದ್ದಾಳೆ. ಆದರೆ ಪ್ರೊಬೇಷನ್ ಮುಗಿದಿಲ್ಲವಾಗಿ ಮೌನವೇ ಲೇಸು.

ನ್ಯಾಯವಾಗಿ ಹೇಳುವುದಾದರೆ, ಈ ಔದಾರ್ಯವೂ ಮೂಲದಲ್ಲಿ ಕಾರ್ಪಣ್ಯವೇ. ಈ ಕ್ಲಸ್ಟರುಗಳನ್ನು ಒದಗಿಸುವ ಅಮೆಜಾನಿನ ಇಎಂಆರ್ ಸೇವೆಯು 2009ರಲ್ಲಿ ಬಂದಾಗ ಬಾಡಿಗೆ ಗಂಟೆಯ ಲೆಕ್ಕದಲ್ಲಿತ್ತು. ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೂ ಇಡೀ ಗಂಟೆಯ ಹಣವನ್ನು ತೆರಬೇಕಾಗಿದ್ದುದರಿಂದ, ತೆತ್ತ ಗಂಟೆಯನ್ನು ಪೂರ್ತಿ ಅನುಭವಿಸದೆ ಯಂತ್ರವನ್ನು ಬಿಟ್ಟುಕೊಡುವುದು ರಾಯರ ಜಾಯಮಾನಕ್ಕೆ ಒಗ್ಗುವಂತಿರಲಿಲ್ಲ. 2017ರಲ್ಲಿ ಲೆಕ್ಕವು ಸೆಕೆಂಡಿಗೆ ಇಳಿಯಿತು, ಅಭ್ಯಾಸ ಇಳಿಯಲಿಲ್ಲ. ಜೊತೆಗೆ ಒಂದು ಭಯವೂ ಉಂಟು: ಕ್ಲಸ್ಟರ್ ಅಳಿದರೆ ಅದರ ಯಂತ್ರಗಳಲ್ಲೇ ಹರಡಿಕೊಂಡ ಕಡತವ್ಯವಸ್ಥೆಯಾದ ಎಚ್‌ಡಿಎಫ್‌ಎಸ್‌ನಲ್ಲಿರುವ ಕಡತಗಳೂ ಅಳಿಯುತ್ತವೆ, ಒಂದೊಂದು ತುಣುಕಿಗೆ ಮೂರು ಪ್ರತಿಗಳಿದ್ದರೂ, ಮೂರೂ ಒಟ್ಟಿಗೆ ಸಹಗಮನ ಮಾಡುತ್ತವೆ. ರಾಯರು ಅದರಲ್ಲಿ ಯಾವ ಕಡತವನ್ನೂ ಇಟ್ಟಿಲ್ಲವೆಂಬುದು ಬೇರೆ ಮಾತು.

ಕಡೆಗೆ ಹಣಕಾಸು ವಿಭಾಗದವರು ಬಿಲ್ಲನ್ನು ಕಂಡು ಕಂಗೆಟ್ಟು, ಒಂದು ಗಂಟೆ ಕೆಲಸವಿಲ್ಲದಿದ್ದರೆ ಕ್ಲಸ್ಟರ್ ತಾನಾಗಿಯೇ ಮುಚ್ಚಿಕೊಳ್ಳುವಂತೆ ನಿಯಮವನ್ನು ಹಾಕಿಸಿದರು. ರಾಯರು ಎದುರಾಡಲಿಲ್ಲ, ಎರಡು ದಿನ ಅಸಾಮಾನ್ಯ ಏಕಾಗ್ರತೆಯಿಂದ ಕೀಲಿಮಣೆಯನ್ನು ಕುಟ್ಟಿದರು. ಮೂರನೆಯ ದಿನ ಹುಡುಗಿಯ ಕಣ್ಣಿಗೆ ಜಾಬುಗಳ ಪಟ್ಟಿಯಲ್ಲಿ 'ಕ್ಷೇಮಸಮಾಚಾರ' ಎಂಬ ಹೊಸ ಹೆಸರು ಬಿದ್ದಿತು. 50 ನಿಮಿಷಕ್ಕೊಮ್ಮೆ ಅದು 40 ಯಂತ್ರಗಳ ಆ ಕ್ಲಸ್ಟರನ್ನು ತಟ್ಟಿ ಎಬ್ಬಿಸಿ, ಒಂದಕ್ಕೆ ಒಂದನ್ನು ಕೂಡಿಸಿ, ಉತ್ತರ ಎರಡೆಂದು ಖಚಿತಪಡಿಸಿಕೊಂಡು ಹೋಗುತ್ತಿತ್ತು.