ಎತ್ತಿಗೆ ಜ್ವರ, ಫಾಗ್ ಲೈಟಿಗೆ ಬರೆ

ನನ್ನ ಹೆಂಡತಿಯ ತಮ್ಮನಿಗೆ ಬದುಕಿನಲ್ಲಿ ಒಂದೇ ಒಂದು ಕೊರತೆ ಇತ್ತು. ಸಂಜೆ ಕಾರು ಹತ್ತಿದರೆ ಎರಡು ಕೆಲಸ ಮಾಡಬೇಕು. ಸ್ಟೇರಿಂಗ್ ಪಕ್ಕದ ಕಡ್ಡಿ ತಿರುಗಿಸಿ ಹೆಡ್‌ಲೈಟ್ ಹಾಕಬೇಕು, ಆಮೇಲೆ ಕೈ ಚಾಚಿ ಇನ್ನೊಂದು ಗುಂಡಿ ಒತ್ತಿ ಫಾಗ್ ಲೈಟ್ ಹಾಕಬೇಕು. "ದಿನಾ ಎರಡೆರಡು ಕೆಲಸ, ಭಾವಾ!" ಅಂತ ಅವನು ನಿಟ್ಟುಸಿರು ಬಿಟ್ಟ ರೀತಿ ನೋಡಿದರೆ, ನಲವತ್ತು ಕೊಡ ನೀರು ಸೇದಿ ಬಂದವನ ಹಾಗಿದ್ದ. ಬೆಂಗಳೂರಿನಲ್ಲಿ ಅವನಿಗೆ ಕಂಪ್ಯೂಟರ್ ಕೆಲಸ. ಮನುಷ್ಯ ಕೈಯಾರೆ ಮಾಡುವುದನ್ನೆಲ್ಲ ತಾನಾಗಿಯೇ ಆಗುವಂತೆ ಮಾಡುವುದಕ್ಕೇ ಅವನಿಗೆ ಸಂಬಳ. ಹಾಗಾಗಿ ಒಂದು ಗುಂಡಿ ಮಿಕ್ಕಿದರೂ ನಿದ್ದೆ ಬರುವುದಿಲ್ಲ.

"ಅಲ್ಲವೋ, ಬೆಂಗಳೂರಿನಲ್ಲಿ ದಿನಾ ಫಾಗ್ ಲೈಟ್ ಯಾಕೆ?" ಅಂದೆ.

"ಕಾರಲ್ಲಿ ಕೊಟ್ಟಿದ್ದಾರಲ್ಲ ಭಾವಾ!"

ಇದಕ್ಕೆ ಉತ್ತರವಿಲ್ಲ. ಊಟದ ಜೊತೆ ಬಾಳೆಹಣ್ಣು ಕೊಟ್ಟಿದ್ದಾರೆ ಅಂತ ಸಕ್ಕರೆ ಕಾಯಿಲೆಯವರೂ ಸುಲಿದು ತಿನ್ನುವ ಜನ ನಾವು. ಆದರೆ ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ನಿಜ. ನಾನಿರುವುದು ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಮಂಜು ನಮ್ಮ ಅಡುಗೆಮನೆಗೇ ಬಂದು ಕಾಫಿ ಕುಡಿದು ಹೋಗುತ್ತದೆ. ನನ್ನ ಮಾರುತಿ 800ಕ್ಕೆ ಫಾಗ್ ಲೈಟೇ ಇಲ್ಲ. ಇರುವವನು ಇರುವುದು ಸಿಗ್ನಲ್ಲಿಗೊಂದು ಬೀದಿದೀಪ ಉರಿಯುವ ಊರಲ್ಲಿ.

ದಸರಾ ರಜೆಗೆ ಬಂದವನು ಆಯುಧಪೂಜೆ ದಿನ ಕಾರಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿ ಮಾಡಿದ. ಮಾರನೇ ದಿನ ಬೆಳಿಗ್ಗೆಯೇ ಬಾನೆಟ್ ಎತ್ತಿದ. ವಿಜಯದಶಮಿ, ಹೊಸ ವಿದ್ಯೆ ಶುರು ಮಾಡಲು ಒಳ್ಳೆಯ ದಿನ ಅಂತ ಅವನ ಅಕ್ಕನ ಆಶೀರ್ವಾದ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಚೀಲ ಸಾಮಾನು ತಂದಿದ್ದ. ರಿಲೇ, ಫ್ಯೂಸ್ ಹೋಲ್ಡರು, ನಾಲ್ಕು ಬಣ್ಣದ ವೈರು, ಕಪ್ಪು ಟೇಪು, ಮತ್ತೆ ಎರಡು ಹಳದಿ ಬಲ್ಬು.

"ಹಳದಿ ಬೆಳಕು ಮಂಜನ್ನ ಸೀಳುತ್ತೆ ಭಾವಾ. ಫ್ರಾನ್ಸಲ್ಲಿ 1993ರವರೆಗೂ ಕಾರುಗಳಿಗೆಲ್ಲ ಹಳದಿ ಹೆಡ್‌ಲೈಟೇ ಇತ್ತು."

ಇತ್ತು ನಿಜ. ಆದರೆ ಸೀಳುವುದೆಲ್ಲ ಸುಳ್ಳು. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದಪ್ಪ. ಅಷ್ಟು ದಪ್ಪದ ಹನಿಗೆ ಬಿಳಿ, ಹಳದಿ, ಕೆಂಪು ಅಂತ ಭೇದವಿಲ್ಲ, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ. ಫಾಗ್ ಲೈಟಿನ ಗುಟ್ಟಿರುವುದು ಅದು ಕೂತ ಜಾಗದಲ್ಲಿ. ಬಂಪರಿನ ಹತ್ತಿರ, ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುತ್ತದೆ. ಬೆಳಕು ಮೇಲಕ್ಕೆ ಹೋಗದಂತೆ ಕತ್ತರಿಸಿ, ಅಕ್ಕಪಕ್ಕಕ್ಕೆ ಅಗಲವಾಗಿ ಹರಡಿರುತ್ತಾರೆ. ದೂರ ಕಾಣಿಸುವುದು ಅದರ ಕೆಲಸವಲ್ಲ. ರಸ್ತೆಯ ಅಂಚಿನ ಬಿಳಿ ಗೆರೆ, ಮೋರಿ, ತಡೆಗೋಡೆ, ಇಷ್ಟು ಕಂಡರೆ ಮಲೆನಾಡಿನವನಿಗೆ ಮನೆ ಸೇರಲು ಸಾಕು.

ನಾನು ಕುರ್ಚಿ ತಂದು ಅಂಗಳದಲ್ಲಿ ಕೂತೆ. ಇನ್ನೊಬ್ಬರು ರಿಪೇರಿ ಮಾಡುವುದನ್ನು ನೋಡುತ್ತಾ ಕೂರುವಷ್ಟು ಸುಖ ಬೇರೆ ಇಲ್ಲ. ರಿಲೇ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ, ಕೆಳಗೆ ನಾಲ್ಕು ಕಾಲು. ಕಾಲುಗಳಿಗೆ 30, 85, 86, 87 ಅಂತ ನಂಬರು. ಒಂದು ಎರಡು ಮೂರು ಅಂತ ಯಾಕಿಡಲಿಲ್ಲವೋ, ಜರ್ಮನಿಯವರ ಲೆಕ್ಕ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾದು ಬಂದ ವೈರು, 87ರಿಂದ ಫಾಗ್ ಲೈಟಿಗೆ, 85 ಬಾಡಿಗೆ ಅರ್ತು, 86 ಅಪ್ಪಣೆ ಬರುವ ಬಾಗಿಲು. ಎರಡು ದೀಪ, ಒಂದೊಂದು 55 ವ್ಯಾಟು, ಒಟ್ಟು 110. ಬ್ಯಾಟರಿ 12 ವೋಲ್ಟು ಅಂದರೆ 9 ಆಂಪಿಯರಿಗೂ ತುಸು ಹೆಚ್ಚು ಕರೆಂಟು. ಅಷ್ಟನ್ನು ಸ್ವಿಚ್ಚಿನ ನೂಲಿನಂಥ ವೈರಿನ ಮೇಲೆ ಹೊರಿಸಿದರೆ ಅದು ಕಾದು ವಾಸನೆ ಬರುತ್ತದೆ. ಅದಕ್ಕೇ ರಿಲೇ. ಸಾಹೇಬರು ಒಳಗಿಂದ 'ಹೂಂ' ಅಂದರೆ ಸಾಕು, ಫೈಲು ಹೊರುವವನು ಜವಾನ. 86ಕ್ಕೆ ಕಾಲು ಆಂಪಿಯರೂ ಬೇಡ, ಒಳಗಿನ ಸುರುಳಿ ಅಯಸ್ಕಾಂತವಾಗಿ ಪಟ್ಟಿ ಎಳೆದು, 'ಟಿಕ್' ಅಂತ 30ನ್ನೂ 87ನ್ನೂ ಕೂಡಿಸಿಬಿಡುತ್ತದೆ.

ನನ್ನ ಭಾವಮೈದನ ಯೋಜನೆ ಇಷ್ಟೇ: ಡ್ಯಾಶ್‌ಬೋರ್ಡಿನ ಗುಂಡಿಯಿಂದ ಬರುತ್ತಿದ್ದ ವೈರು ಕಿತ್ತುಹಾಕಿ, 86ಕ್ಕೆ ಹೆಡ್‌ಲೈಟಿನ ವೈರಿಂದ ಒಂದು ಕವಲು ಕೊಡುವುದು. ಹೆಡ್‌ಲೈಟ್ ಹತ್ತಿತೋ, ಹಿಂದೆಯೇ ಇವೂ ಹತ್ತಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಧ್ಯಾಹ್ನ ಮೂರಕ್ಕೆ ಪರೀಕ್ಷೆ. ಕಡ್ಡಿ ತಿರುಗಿಸಿದ, ಹೆಡ್‌ಲೈಟ್ ಹತ್ತಿತು, ಫಾಗ್ ಲೈಟ್ ಹತ್ತಲಿಲ್ಲ. ಹೈ ಬೀಮಿಗೆ ಹಾಕಿದ. ಹತ್ತಿತು! ಡಿಮ್ ಮಾಡಿದ, ಆರಿತು. ಬಲ್ಬಿಗೆ ಮೂರು ಕಾಲು ನೋಡಿ, ಒಂದು ಅರ್ತಿಗೆ, ಒಂದು ಡಿಮ್ಮಿಗೆ, ಒಂದು ಹೈ ಬೀಮಿಗೆ. ಪುಣ್ಯಾತ್ಮ ಕವಲು ತೆಗೆದದ್ದು ಹೈ ಬೀಮಿನ ಕಾಲಿಂದ. ಮಂಜಿನಲ್ಲಿ ಯಾವ ದೀಪ ಹಾಕಲೇಬಾರದೋ ಅದನ್ನು ಹಾಕಿದಾಗ ಮಾತ್ರ ಮಂಜಿನ ದೀಪ ಹತ್ತುವ ಕಾರು ನಮ್ಮ ಅಂಗಳದಲ್ಲಿ ಅರ್ಧ ಗಂಟೆ ನಿಂತಿತ್ತು.

ಕಾಲು ಬದಲಾಯಿಸಿ ಟೇಪು ಸುತ್ತುವಾಗ ನಾನು ಸುಮ್ಮನಿರಲಾರದೆ ಹೇಳಿದೆ, "ಅದು ಬೇಕಾದಾಗ ಮಾತ್ರ ಹಾಕುವ ದೀಪ ಕಣೋ."

"ಫಾರಿನ್ನಲ್ಲಿ ಎಲ್ಲ ಆಟೋಮ್ಯಾಟಿಕ್ ಭಾವಾ."

ಫಾರಿನ್ ಅಂದರೆ ನಾನೂ ಬಿಡುವವನಲ್ಲ. ಬ್ರಿಟನ್ನಿನ ಹೈವೇ ಕೋಡ್ ತೆಗೆದು ನೋಡು, ಸಾಮಾನ್ಯವಾಗಿ 100 ಮೀಟರಿಗಿಂತ ಆಚೆ ಕಾಣದಿದ್ದರೆ ಮಾತ್ರ ಫಾಗ್ ಲೈಟು, ಮಂಜು ಸರಿದ ಮೇಲೆ ಆರಿಸಲೇಬೇಕು ಅಂದೆ. ಅವನು ಸೋಲಲಿಲ್ಲ. "ನಮ್ಮಲ್ಲಿ 2017ರ ಏಪ್ರಿಲ್ ಒಂದರಿಂದ ಹೊಸ ಬೈಕುಗಳ ಹೆಡ್‌ಲೈಟ್ ಆರಿಸೋಕೇ ಆಗಲ್ಲ ಗೊತ್ತಾ?" ಅಂದ. ಗೊತ್ತು. ಅದು ಬೇರೆಯವರ ಕಣ್ಣಿಗೆ ಬೀಳಲಿ ಅಂತ ಹಾಕಿದ ದೀಪ, ಕಣ್ಣು ಕುಕ್ಕಲಿ ಅಂತಲ್ಲ. ಅದಕ್ಕೂ ಇವತ್ತಿನವರೆಗೆ ದಾರಿಹೋಕರು ಐದು ಬೆರಳು ಮಡಚಿ ಬಿಚ್ಚಿ, 'ಲೈಟ್ ಆನಿದೆ' ಅಂತ ಹೇಳುವ ಸೇವೆ ನಿಲ್ಲಿಸಿಲ್ಲ.

ಸಂಜೆ ಹೊಸ ವ್ಯವಸ್ಥೆಯ ಉದ್ಘಾಟನೆಗೆ ಚಾರ್ಮಾಡಿ ಘಾಟಿ ಇಳಿದು, ಉಜಿರೆ ನೋಡಿ ಬರೋಣ ಅಂತಾಯಿತು. ಇಳಿಯುವಾಗ ಆಕಾಶ ಶುಭ್ರ, ಆದರೆ ಮಳೆ ಬಿದ್ದು ರಸ್ತೆ ಹಸಿ. ಹಸಿ ಟಾರು ಅಂದರೆ ನೆಲಕ್ಕೆ ಹಾಸಿದ ಕನ್ನಡಿ. ಕೆಳಗೆ ಬಿದ್ದ ಬೆಳಕು ನೇರ ಎದುರಿನವನ ಕಣ್ಣಿಗೆ. ಬಂದವರೆಲ್ಲ ಫ್ಲ್ಯಾಶ್ ಹೊಡೆಯತೊಡಗಿದರು. ನಮ್ಮವನು ಡಿಮ್ ಮಾಡಿಯೇ ಇದ್ದ, ಇನ್ನೇನು ಮಾಡಬೇಕು? ಫಾಗ್ ಲೈಟ್ ಆರಿಸುವ ಗುಂಡಿಯನ್ನೇ ಬೆಳಿಗ್ಗೆ ಅನಾಥ ಮಾಡಿದ್ದ. ಒಂದು ತಿರುವಿನಲ್ಲಿ ಕೆಂಪು ಬಸ್ಸಿನ ಡ್ರೈವರು ಗಾಡಿ ನಿಲ್ಲಿಸಿ, ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೇಳಿದರು: "ಏನಪ್ಪಾ, ದಿಬ್ಬಣ ಹೊರಡಿಸಿದ್ದೀಯಾ?"

ವಾಪಸು ಹತ್ತುವಾಗ ಅಣ್ಣಪ್ಪನ ಗುಡಿ ದಾಟಿ ಸ್ವಲ್ಪ ಮೇಲೆ ಬಂದಿದ್ದೆವು. ಕಣಿವೆಯಿಂದ ಮಂಜು ಎದ್ದು ಬಂತು. ಬಂತು ಅನ್ನುವುದರೊಳಗೆ ಮುಂದಿನ ಗಾಜಿಗೆ ಸುಣ್ಣ ಬಳಿದ ಹಾಗಾಯಿತು. ನಮ್ಮವನ ಮುಖ ಅರಳಿತು. ನಾಲ್ಕು ದೀಪ ಉರಿಯುತ್ತಿವೆ, ಮಂಜೂ ಬಂದಿದೆ, ಇನ್ನೇನು ಬೇಕು! ಆದರೆ ಹೆಡ್‌ಲೈಟಿನ ಬೆಳಕು ಹನಿಗಳಿಗೆ ಬಡಿದು ನಮ್ಮ ಮುಖಕ್ಕೇ ವಾಪಸಾಗುತ್ತಿತ್ತು. ಕೆಳಗಿನ ಹಳದಿ ತೋರಿಸುತ್ತಿದ್ದ ಅಂಚನ್ನು ಮೇಲಿನ ಬಿಳಿ ನುಂಗುತ್ತಿತ್ತು. ಇಂಥ ದಟ್ಟ ಮಂಜಿನಲ್ಲಿ ನಮ್ಮ ಕಡೆಯ ಡ್ರೈವರುಗಳು ಮಾಡುವ ಉಪಾಯವನ್ನೇ ಹೇಳಿದೆ:

"ಹೆಡ್‌ಲೈಟ್ ಆರಿಸು. ಪಾರ್ಕಿಂಗ್ ಲೈಟಿನ ಜೊತೆ ಫಾಗ್ ಲೈಟ್ ಮಾತ್ರ ಇಟ್ಟುಕೋ."

ಕಾರೊಳಗೆ ಮೌನ. ಬದಿಗೆ ನಿಲ್ಲಿಸಿ ಕಡ್ಡಿ ಹಿಂದಕ್ಕೆ ತಿರುಗಿಸಿದ. ಹೆಡ್‌ಲೈಟ್ ಆರಿತು. ಬಾನೆಟ್ಟಿನೊಳಗೆ 'ಟಿಕ್'. ಫಾಗ್ ಲೈಟೂ ಆರಿತು. ಮತ್ತೆ ಹಾಕಿದ, ಟಿಕ್. ಮತ್ತೆ ಆರಿಸಿದ, ಟಿಕ್. ರಿಲೇಯನ್ನು ಬಯ್ಯುವಂತಿಲ್ಲ, ಅದು ಹೇಳಿಕೊಟ್ಟ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಿತ್ತು. ಕಾರು ಕೊಂಡ ಮೇಲೆ ಫಾಗ್ ಲೈಟ್ ನಿಜವಾಗಿ ಬೇಕಾದದ್ದು ಇವತ್ತೇ ಮೊದಲು. ಅದೊಂದನ್ನೇ ಹಾಕಲು ದಾರಿಯಿಲ್ಲ.

ಹಿಂದಿನ ಸೀಟಿನಿಂದ ನನ್ನ ಹೆಂಡತಿ ಕೇಳಿದಳು, "ಅಲ್ಲಾ, ಮೊದಲು ಒಂದು ಗುಂಡಿ ಇತ್ತಲ್ಲೋ, ಅದೇನು ಮಾಡ್ದೆ?"

ಕೊನೆಗೆ ಒಂದು ಹಳೇ ಲಾರಿಯ ಕೆಂಪು ದೀಪದ ಹಿಂದೆ, ಮದುವೆಮನೆಯಲ್ಲಿ ಅಜ್ಜಿಯ ಸೆರಗು ಹಿಡಿದ ಮಗುವಿನಂತೆ, ಕೊಟ್ಟಿಗೆಹಾರ ಮುಟ್ಟಿದೆವು. ಲಾರಿಯವನಿಗೆ ಫಾಗ್ ಲೈಟೇ ಇರಲಿಲ್ಲ. ನಮ್ಮ ಜೊತೆಗೇ ಕೂತು ನೀರುದೋಸೆ ತಿಂದ.

ಮಾರನೇ ದಿನ ಮತ್ತೆ ಬಾನೆಟ್ ಎದ್ದಿತು. ಹಳೇ ಗುಂಡಿಗೆ ಮೊದಲಿನ ಕೆಲಸ ಕೊಟ್ಟ, ಫಾಗ್ ಲೈಟ್ ಒಂದೇ ಹತ್ತಲು. ಆದರೆ ಆಟೋಮ್ಯಾಟಿಕ್ ಬಿಡಲು ಮನಸ್ಸಿಲ್ಲ, ಹಾಗಾಗಿ ಅದನ್ನು ಬೇಡದಾಗ ನಿಲ್ಲಿಸಲು ಸ್ಟೇರಿಂಗ್ ಕೆಳಗೆ ಇನ್ನೊಂದು ಸ್ವಿಚ್ಚು ಕೂರಿಸಿದ. ಈಗ ಬೆಂಗಳೂರಿನಲ್ಲಿ ದಿನಾ ಸಂಜೆ ಮೊದಲು ಕಡ್ಡಿ ತಿರುಗಿಸುತ್ತಾನೆ, ತಾನಾಗಿಯೇ ಫಾಗ್ ಲೈಟ್ ಹತ್ತುತ್ತದೆ, ಆಮೇಲೆ ಬಗ್ಗಿ ಸ್ವಿಚ್ಚು ಒತ್ತಿ ಆರಿಸುತ್ತಾನೆ.

ಮೊನ್ನೆ ಫೋನ್ ಮಾಡಿದ್ದ. ಒಂದು ರಿಲೇ ಮಿಕ್ಕಿದೆಯಂತೆ, ದೀಪಾವಳಿಗೆ ಬಂದು ನನ್ನ ಮಾರುತಿ 800ಕ್ಕೂ ಫಾಗ್ ಲೈಟ್ ಹಾಕಿಕೊಡುತ್ತಾನಂತೆ. ದೀಪಾವಳಿಗೆ ನಾವು ಊರಲ್ಲಿ ಇರುವುದಿಲ್ಲ.