ನಿವೃತ್ತ ಬೀಗರ ಜೊತೆ ಹರಟೆ

ಬೈಲಹೊಂಗಲದ ಚಹಾದಂಗಡಿಯಲ್ಲಿ ವರದಿಗಾರನ ಎದುರು ಕುಳಿತವರು ಬೀಗರು. ಹೆಣ್ಣು ಕೊಟ್ಟವರಲ್ಲ; ಬ್ರೌಸರಿನಲ್ಲಿ ವೆಬ್ ವಿಳಾಸದ ಪಕ್ಕ ಮಾತು ನಡುದಾರಿಯಲ್ಲಿ ಯಾರೂ ಓದದಂತೆ ಗುಟ್ಟಾಗಿ ಸಾಗುತ್ತದೆಂದು ಸಾರುತ್ತ ವರ್ಷಾನುಗಟ್ಟಲೆ ಪಹರೆ ಕಾಯ್ದ ಪುಟ್ಟ ಬೀಗ. 2023ರಲ್ಲಿ ಗೂಗಲ್ ಕ್ರೋಮ್ ಅವರನ್ನು ಮನೆಗೆ ಕಳಿಸಿತು.

“ಬೀಗ ಕಂಡ್ರ ಸೈಟು ಸಾಚಾ ಅಂತ ಮಂದಿ ತಿಳಿದ್ರು. ಕಳ್ಳರ ಸೈಟಿಗೂ ನಾನ ಕಾವಲಿದ್ದೆ ನೋಡ್ರಿ,” ಎನ್ನುತ್ತ ಬೀಗರು ಚಹಾವನ್ನು ಬಸಿಗೆ ಸುರಿದುಕೊಂಡರು.

ಒಳ್ಳೆಯ ದಿನ ಬಂದದ್ದು ಯಾವಾಗ?

“ಮೊದಲೆಲ್ಲ ಹೆಚ್ಚಾಗಿ ಬ್ಯಾಂಕಿನಂಥವರ ಕರೀತಿದ್ರು. 2013ರಾಗ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಕದ್ದಾಲಿಕಿ ಕಾಗದಪತ್ರ ಬೈಲಿಗಿಟ್ಟ. ಮರು ವರ್ಷ ಇಂಟರ್‌ನೆಟ್ಟಿನ ನಿಯಮ ಬರಿಯೋ ಐಇಟಿಎಫ್ ಮಂದಿ, ಎಲ್ಲಾರ ಮ್ಯಾಲೂ ನಿಗಾ ಇಡೋದು ದಾಳಿನ ಅಂದ್ರು. ಆಮ್ಯಾಲೆ ‘ಲೆಟ್ಸ್ ಎನ್‌ಕ್ರಿಪ್ಟ್’ ಬಂದು ನನ್ನನ್ನ ಪುಕ್ಕಟೆ ಹಂಚಿತು.”

ಈ ಸೀಮೆಯ ಬೀಗದ ಕಥೆ ಇನ್ನೂ ಹಳೆಯದು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ, ಕಿತ್ತೂರು ಅರಸುಮನೆಯ ದತ್ತಕ ಒಪ್ಪದೆ, ಅಲ್ಲಿನ ಖಜಾನೆಗೆ ಮುದ್ರೆ ಒತ್ತಿಸಿದ. ಅಕ್ಟೋಬರ್ 23ರಂದು ಅವನಿಗೇನಾಯಿತೆಂದು ಇಲ್ಲಿ ಯಾರೂ ಪುಸ್ತಕ ನೋಡಿ ಹೇಳಬೇಕಿಲ್ಲ.

“ಆ ಮುದ್ರಿಗೂ ನಮಗೂ ಬೀಗತನ ಇಲ್ರಿ!” ಬೀಗರು ಗಡಬಡಿಸಿದರು. “ಈಗಿನ ಸರ್ಕಾರ ಮುದ್ರಿ ಹಾಕೂದಿಲ್ಲ, ಕೀಲಿ ಕೇಳ್ತತಿ. ಐಟಿ ಕಾಯ್ದೆ 69ನೇ ಕಲಮು. ಬಿಚ್ಚಿ ತೋರಸಂದ್ರ ತೋರಸಬೇಕು, ಇಲ್ಲಾಂದ್ರ ಏಳು ವರ್ಷದ ತನಕ ಜೈಲು. 2018ರಾಗ ಹತ್ತು ಸಂಸ್ಥೆಗೆ ಆ ಅಧಿಕಾರ ಬರದುಕೊಟ್ರು. ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕಿ ಗದ್ದಲದಾಗ 1988ರಾಗ ಮುಖ್ಯಮಂತ್ರಿ ಕುರ್ಚಿ ಬಿಟ್ರಲ್ಲ, ಅಂಥಾ ನಾಚಿಕಿ ಕಾಲ ಹೋತು.”

ಬೀಗರಿದ್ದರೆ ಯಾರಿಗೂ ಏನೂ ಕಾಣದೆ?

ಈ ಪ್ರಶ್ನೆಗೆ ಕೊಂಚ ಮೆತ್ತಗಾದರು. “ಯಲ್ಲಮ್ಮನ ಗುಡ್ಡಕ್ಕ ಕೊಲ್ಲಾರಿ ಬಂಡಿ ಕಟ್ಕೊಂಡು ಹೊಂಟ್ರಿ ಅನ್ಕೋರಿ. ಒಳಗ ಏನೈತಿ ಕಾಣೂದಿಲ್ಲ. ಸವದತ್ತಿ ದಾರಿ ಹಿಡದ್ರಿ, ಇಷ್ಟೊತ್ತಿಗೆ ಹಿಡದ್ರಿ ಅನ್ನೂದು ನಾಕಾದವಗ ಕಾಣ್ತತಿ. ಯಾವ ಸೈಟಿಗೆ ಹೋದ್ರಿ ಅನ್ನೂದು ನಾ ಇದ್ರೂ ಬಹಳ ಸಲ ಗೊತ್ತಾಗ್ತತಿ.”

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೆಸರು ಬಂದೊಡನೆ ಬೀಗರ ಮುಖ ಅರಳಿತು. ಅವರು ಆಧಾರ್ ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. “ಒಂಬತ್ತಕ್ಕ ಒಂಬತ್ತೂ ಮಂದಿ!” ಬೀಗರು ಮೇಜು ಗುದ್ದಿದರು.

ಅಷ್ಟರಲ್ಲಿ ಮಿರ್ಚಿ ಭಜಿ ಬಂತು. ಸುತ್ತಿದ ಕಾಗದ ಯಾರದೋ ಆಧಾರ್ ಕಾರ್ಡಿನ ಝೆರಾಕ್ಸು. ಬೀಗರು ಕನ್ನಡಕ ಏರಿಸಿ ಹುಟ್ಟಿದ ತಾರೀಖಿನ ತನಕ ಓದಿ, ಎಣ್ಣೆ ಕೈಯನ್ನು ಅದಕ್ಕೇ ಒರೆಸಿಕೊಂಡರು.