ಹಗ್ಗ ಹಿಡಿದವನ ಸೀನಿಯಾರಿಟಿ

ಬಿಸಿಗಾಳಿ ತುಂಬಿದರೆ ಬಲೂನು ಮೇಲೇರುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅರ್ಧ ಸತ್ಯ. ಬೆಳಗಿನ ಜಾವವೇ ಎದ್ದು ಬಂದು, ಸಂಬಳ, ಭತ್ಯೆ ಏನನ್ನೂ ಕೇಳದೆ ಕೆಳಗೆ ಹಗ್ಗ ಹಿಡಿದು ನಿಲ್ಲುವ ನಾಲ್ಕಾರು ಜನವೂ ಬೇಕು. ಸರ್ಕಾರಿ ನೌಕರಿಯಲ್ಲಿ ತಲೆ ನರೆಸಿಕೊಂಡ ನನಗೆ ಇದೇನೂ ಹೊಸದಲ್ಲ. ಹೊಸದೆಂದರೆ, ಈ ಸಲ ಹಗ್ಗ ನನ್ನ ಕೈಯಲ್ಲಿತ್ತು.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ಮಗಳ ಮನೆ. ಅಕ್ಟೋಬರ್ ಬಂತೆಂದರೆ ಅಲ್ಲಿ ಒಂಬತ್ತು ದಿನ ಬಲೂನು ಹಬ್ಬ. 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ 13 ಬಲೂನುಗಳಿಂದ ಶುರುವಾಗಿ, 2000ದ ಹೊತ್ತಿಗೆ ಸಾವಿರ ದಾಟಿ, ಈಗ 500 ಚಿಲ್ಲರೆಗೆ ಬಂದು ನಿಂತಿದೆ. ಊರ ತೇರಿಗೆ ಬಾರಯ್ಯ ಎಂದು ಕರೆದರೆ ರಜೆ ಇಲ್ಲ ಎನ್ನುವ ಅಳಿಯ ಇದಕ್ಕೆಂದೇ ರಜೆ ಹಾಕಿದ್ದ.

‘ಮಾವ, ನಿಮ್ಮ ಹೆಸರನ್ನೂ ವಾಲಂಟಿಯರ್ ಅಂತ ಬರೆಸಿದ್ದೀನಿ.’

‘ಯಾವ ದರ್ಜೆ?’

‘ದರ್ಜೆ ಗಿರ್ಜೆ ಏನಿಲ್ಲ ಮಾವ. ಎಲ್ಲರೂ ಕ್ರೂ.’

ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿದರು. ಕೈ ಮುರಿದರೂ, ಕಾಲು ಮುರಿದರೂ, ಪ್ರಾಣವೇ ಹೋದರೂ ಯಾರೂ ಹೊಣೆಯಲ್ಲ ಎಂಬುದು ಸಾರಾಂಶ. ಇಷ್ಟು ಸ್ಪಷ್ಟವಾದ ಸುತ್ತೋಲೆಯನ್ನು ಇಡೀ ಸರ್ವಿಸಿನಲ್ಲಿ ನಾನು ಒಂದನ್ನೂ ಹೊರಡಿಸಿರಲಿಲ್ಲ.

ಬಲೂನು ಹಾರಿಸುವ ವಿದ್ಯೆಗೆ ಹುಟ್ಟಿನಿಂದಲೇ ಪ್ರೋಟೋಕಾಲ್ ಉಂಟು. 1783ರ ಸೆಪ್ಟೆಂಬರ್ 19ರಂದು ವರ್ಸೇಲ್ಸ್ ಅರಮನೆಯೆದುರು ಮಾಂಟ್‌ಗೋಲ್ಫಿಯೆ ಸೋದರರ ಬಲೂನಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಹಾರಿದವು. ಇಳಿದ ಮೇಲೆ ಕುರಿಗೆ ಅರಮನೆಯ ಪ್ರಾಣಿಶಾಲೆಯಲ್ಲಿ ಕಾಯಂ ಹುದ್ದೆ. ಹುಂಜದ ರೆಕ್ಕೆಗೆ ಪೆಟ್ಟಾಗಿತ್ತು. ಎತ್ತರಕ್ಕೆ ಹೋದದ್ದರಿಂದಲೇ ಹೀಗಾಯಿತೇ ಎಂದು ಪಂಡಿತರು ತಲೆ ಕೆಡಿಸಿಕೊಂಡರು. ಹೊರಡುವ ಮುಂಚೆಯೇ ಕುರಿ ಅದನ್ನು ಒದ್ದಿತ್ತಂತೆ. ಬಡ್ತಿ ಒದ್ದವರಿಗೆ, ವಿಚಾರಣೆ ಒದೆಸಿಕೊಂಡವರಿಗೆ. ಮುಂದೆ ಮನುಷ್ಯರನ್ನು ಹಾರಿಸುವಾಗ ಮರಣದಂಡನೆಯ ಕೈದಿಗಳನ್ನು ಕಳಿಸೋಣ ಎಂದ ದೊರೆ ಹದಿನಾರನೇ ಲೂಯಿ. ಮೊದಲು ಹಾರಿದವರೆಂಬ ಕೀರ್ತಿ ಕಳ್ಳರ ಪಾಲಾಗುತ್ತದೆ ಎಂದು ಗೊತ್ತಾದದ್ದೇ ತಡ, ನವೆಂಬರ್ 21ರಂದು ಬಲೂನು ಹತ್ತಿದವರಲ್ಲಿ ಒಬ್ಬ ಮಾರ್ಕ್ವಿಸ್. ಅಪಾಯಕ್ಕೆ ಕೈದಿ, ಕೀರ್ತಿಗೆ ಮಾರ್ಕ್ವಿಸ್. ಅಂದು ಹಗ್ಗ ಹಿಡಿದವರ ಹೆಸರು ನನಗಂತೂ ಯಾವ ಪುಸ್ತಕದಲ್ಲೂ ಕಂಡಿಲ್ಲ.

ನಮ್ಮ ಕೆಲಸ ಸರಳ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಗುಡ್ಡದಂಥ ನೈಲಾನ್ ಬಟ್ಟೆಯನ್ನು ಹಾಸಬೇಕು. ಇಬ್ಬರು ಬಾಯಿ ಅಗಲಿಸಿ ಹಿಡಿಯಬೇಕು, ಪೆಟ್ರೋಲ್ ಫ್ಯಾನು ತಣ್ಣನೆಯ ಗಾಳಿ ತುಂಬಬೇಕು, ಆಮೇಲೆ ಪೈಲಟ್ ಬರ್ನರ್ ಹಚ್ಚಬೇಕು. ಒಳಗಿನ ಗಾಳಿ ನೂರು ಡಿಗ್ರಿಯ ಹತ್ತಿರ ಹೋದಂತೆ ಬಲೂನು ಮೈಮುರಿದು ಏಳುತ್ತದೆ. ನೆತ್ತಿಗೆ ಕಟ್ಟಿದ ಹಗ್ಗ ಹಿಡಿದು ಅದು ಓಲಾಡದಂತೆ ಹಿಂದಕ್ಕೆ ಜಗ್ಗುವವನು ನಾನು. ಏಳುವಾಗ ಜಗ್ಗಬೇಕು, ಎದ್ದ ಮೇಲೆ ಬಿಡಬೇಕು. ಜಗ್ಗುವ ಅಭ್ಯಾಸ ನನಗೆ ಇಲಾಖೆಯಲ್ಲೇ ಆಗಿತ್ತು. ಬಿಡುವುದು ಮಾತ್ರ ಕಷ್ಟವಾಯಿತು. ಅಷ್ಟರಲ್ಲಿ ಜೀಬ್ರಾದಂತೆ ಕಪ್ಪುಬಿಳಿ ಪಟ್ಟೆ ಅಂಗಿ ತೊಟ್ಟವರೊಬ್ಬರು ಸೀಟಿ ಊದಿದರು. ಉಡಾವಣೆಯ ಅಧಿಕಾರಿ. ಅಂಗಿಯಲ್ಲೇ ಅಧಿಕಾರ ಕಾಣುತ್ತಿತ್ತು, ಮನಸ್ಸಿಗೆ ಸಮಾಧಾನವಾಯಿತು.

ಬುಟ್ಟಿಯಲ್ಲಿ ಪೈಲಟ್ ಜೊತೆ ಪ್ರಾಯೋಜಕರ ಕಡೆಯ ಇಬ್ಬರು ಅತಿಥಿಗಳು. ಬಿಸಿ ಕಾಫಿ ಕುಡಿದು ಆಗಷ್ಟೇ ಬಂದವರು. ಪೈಲಟ್‌ಗೆ ಮೇಲೆ ಏರುವುದು, ಕೆಳಗೆ ಇಳಿಯುವುದು ಮಾತ್ರ ಸಾಧ್ಯ. ದಿಕ್ಕು ಗಾಳಿಯ ಮರ್ಜಿ. ಆದರೂ ಅತಿಥಿಗಳಿಗೆ ಬೆಟ್ಟದತ್ತ ಕೈ ತೋರಿಸಿ, ಅಲ್ಲಿಗೆ ಹೋಗುವುದನ್ನು ತಾನೇ ತೀರ್ಮಾನಿಸಿದಂತೆ ನಿಂತಿದ್ದ. ಇಂಥ ಮುಖಭಾವಕ್ಕೆ ವಿಧಾನಸೌಧದಲ್ಲಿ ತರಬೇತಿ ಬೇಕಾಗುವುದಿಲ್ಲ.

ಆಲ್ಬುಕರ್ಕಿಯ ಗಾಳಿಗೆ ಒಂದು ವಿಶೇಷವಿದೆ. ಕೆಲವು ಮುಂಜಾನೆ ಕೆಳಗಿನ ಗಾಳಿ ದಕ್ಷಿಣಕ್ಕೆ ಬೀಸಿದರೆ ಮೇಲಿನದು ಉತ್ತರಕ್ಕೆ. ಕೆಳಗಿದ್ದಾಗ ಒಂದು ಕಡೆ ತೇಲಿ, ಮೇಲೇರಿ ತಿರುಗಿ ಬಂದು, ಹೊರಟಲ್ಲೇ ಇಳಿಯಬಹುದು. ಇದಕ್ಕೆ ‘ಆಲ್ಬುಕರ್ಕಿ ಬಾಕ್ಸ್’ ಎಂಬ ಹೆಸರು, ಪ್ರಪಂಚದ ಪೈಲಟ್‌ಗಳಿಗೆಲ್ಲ ಬೆರಗು. ಅಳಿಯ ಬಾಯಿ ತೆರೆದು ವಿವರಿಸಿದ. ಒಂದು ಪಕ್ಷದ ಗಾಳಿಯಲ್ಲಿ ಹೊರಟು, ಇನ್ನೊಂದರಲ್ಲಿ ಮೇಲೇರಿ, ಮಂತ್ರಿಯಾಗಿ ಮೊದಲಿನ ಪಕ್ಷದಲ್ಲೇ ಇಳಿದ ನಮ್ಮ ಶಾಸಕರ ಯಾದಿಯನ್ನು ನಾನು ಹೇಳಿದೆ. ಅವರಿಗೆ ಬರ್ನರ್ ಕೂಡ ಬೇಕಾಗಿರಲಿಲ್ಲ.

ಅಂದು ಆ ಗಾಳಿ ಇರಲಿಲ್ಲ. ಬಲೂನು ತನಗೆ ತೋಚಿದತ್ತ ಹೊರಟಿತು. ನಾವು ಟ್ರೇಲರ್ ಕಟ್ಟಿದ ಗಾಡಿಯಲ್ಲಿ, ಆಕಾಶ ನೋಡುತ್ತ, ಸಿಗ್ನಲ್ಲಿಗೆ ನಿಲ್ಲುತ್ತ ಬೆನ್ನು ಹತ್ತಿದೆವು. ಸಾಹೇಬರು ಎಲ್ಲಿಳಿಯುತ್ತಾರೋ ಅಲ್ಲಿ ಮೊದಲೇ ಹಾಜರಿರಬೇಕು. ಎಲ್ಲೆಂದು ಸಾಹೇಬರಿಗೂ ಗೊತ್ತಿಲ್ಲ. ನನ್ನ ಹಳೆಯ ಡ್ರೈವರ್ ಜೊತೆಗಿದ್ದಿದ್ದರೆ ಇದೆಲ್ಲ ಲೀಲಾಜಾಲ.

ಒಂದು ಖಾಲಿ ನಿವೇಶನದಲ್ಲಿ ಇಳಿಯಿತು. ಅತಿಥಿಗಳಿಗೆ ಷಾಂಪೇನ್. ಅದೂ ಸಂಪ್ರದಾಯವೇ: 1783ರ ಆಗಸ್ಟಿನಲ್ಲಿ ಪ್ಯಾರಿಸ್‌ನಿಂದ ಹೊರಟ ಜಲಜನಕದ ಖಾಲಿ ಬಲೂನೊಂದು ಗೊನೆಸ್ಸೆ ಎಂಬ ಹಳ್ಳಿಯಲ್ಲಿ ಬಿದ್ದಾಗ, ಯಾವುದೋ ಪೀಡೆ ಎಂದು ರೈತರು ಕವೆಗೋಲಿನಿಂದ ಇರಿದು ಹರಿದಿದ್ದರು. ಮುಂದೆ ಹಾರಿದವರು ಹೊಲದವರ ಸಿಟ್ಟು ಇಳಿಸಲು ಬಾಟಲಿ ಒಯ್ಯತೊಡಗಿದರು ಎಂಬುದು ಕಥೆ. ಈಗ ರೈತ ಇಲ್ಲ, ಬಾಟಲಿ ಉಳಿದಿದೆ. ಪರಿಹಾರದ ಹಣ ಸಂತ್ರಸ್ತನನ್ನು ಬಿಟ್ಟು ಉಳಿದವರಿಗೆಲ್ಲ ತಲುಪಿದಂತೆ.

ಅವರು ಗ್ಲಾಸು ತಾಗಿಸುವಾಗ ನಾವು ಬಟ್ಟೆಯನ್ನು ತಬ್ಬಿ, ಮೇಲೆ ಬಿದ್ದು ಉರುಳಿ, ಗಾಳಿ ಹೊರಡಿಸುತ್ತಿದ್ದೆವು. ಆಕಾಶದಲ್ಲಿ ಏಳಂತಸ್ತಿನಷ್ಟಿದ್ದ ಠೀವಿಯನ್ನು ಒಂದು ಚೀಲಕ್ಕೆ ತುರುಕಿ, ಮುಚ್ಚಳ ಬೀಳಲೆಂದು ಅದರ ಮೇಲೆ ಕೂತೆವು. ಪೈಲಟ್ ಬಂದು ನನ್ನ ಕೋಟಿಗೆ ಬಲೂನಿನ ಚಿತ್ರವಿರುವ ಪಿನ್ನೊಂದನ್ನು ಚುಚ್ಚಿ ಕೈ ಕುಲುಕಿದ. ಅಳಿಯನ ಕಣ್ಣಲ್ಲಿ ಹೆಮ್ಮೆ.

‘ಮಾವ, ಹೀಗೇ ಕೆಲಸ ಮಾಡ್ತಾ ಇದ್ದರೆ ಯಾವತ್ತಾದರೂ ಬುಟ್ಟೀಲಿ ಜಾಗ ಸಿಗತ್ತಂತೆ.’

‘ನಿನ್ನ ನಂಬರ್ ಎಷ್ಟನೇದು?’

‘ನಂಬರ್ ಎಲ್ಲಾ ಇಲ್ಲ ಮಾವ. ಅವರಿಗೆ ತೋಚಿದಾಗ ಕರೀತಾರೆ.’

‘ಅಯ್ಯೋ ಪೆದ್ದ, ಬಾಯಿಮಾತನ್ನ ನಂಬಿ ಹಗ್ಗ ಹಿಡೀತಿದ್ದೀಯಾ? ಇವತ್ತೇ ಒಂದು ಅರ್ಜಿ ಬರೆದು ಕೊಡು. ಸ್ವೀಕೃತಿ ಇಸ್ಕೊ. ಅತಿಥಿಗಳ ಕೋಟಾ ಎಷ್ಟು ಅಂತಲೂ ಅದರಲ್ಲೇ ಕೇಳು.’